ಹೆಚ್ಚಾದದ್ದು ಹೊರಗೆ ಹೋಗತ್ತೆ

ಹಳದಿ — ಯಾವ ಹಣ್ಣಿನದೂ ಅಲ್ಲದ, ಯಾವ ಹೂವಿನದೂ ಅಲ್ಲದ ಹಳದಿ, ರಸ್ತೆ ಅಗೆಯುವವರು ಮೈಮೇಲೆ ಹಾಕಿಕೊಳ್ಳುತ್ತಾರಲ್ಲ, ಆ ಮಿಂಚುವ ಮೇಲಂಗಿಯ ಬಣ್ಣ, ಲ್ಯಾಬಿನ ಹಿಂಬದಿಯ ಪಾಯಿಖಾನೆಯ ಬಿಳಿ ಪಿಂಗಾಣಿಯಲ್ಲಿ ಅದು ಸುತ್ತು ಹೊಡೆದು ಇಳಿದುಹೋಗುವುದನ್ನು ಅವಳು ನೋಡಬಾರದು ಅಂದುಕೊಂಡೇ ನಿಂತು ನೋಡಿದಳು, ಥೂ, ಹದಿನೆಂಟು ವರ್ಷದಿಂದ ಕಂಡವರ ಉಚ್ಚೆಯನ್ನೆಲ್ಲ ಡಬ್ಬಿಯಲ್ಲಿ ಇಸಿದುಕೊಂಡು, ಲೇಬಲ್ ಅಂಟಿಸಿ, ಬೆಳಕಿಗೆ ಎತ್ತಿ ಹಿಡಿದವಳು, ಕೆಂಪು, ಕಂದು, ಒಡೆದ ಹಾಲಿನಂಥದ್ದು, ಯಾವುದಕ್ಕೂ ಮೂಗು ಮುರಿಯದವಳು, ಈಗ ತನ್ನದೇ ಬಣ್ಣಕ್ಕೆ ಮೂಗು ಮುರಿಯುತ್ತಾಳೆ, ಮೇಲೆ ಆ ವಾಸನೆ ಬೇರೆ, ಹುಳಿ ಹಿಡಿದ ಹಿಟ್ಟಿನ ವಾಸನೆ, ಉಚ್ಚೆಯಲ್ಲಷ್ಟೇ ಅಲ್ಲ, ಬೆವರಲ್ಲಿ, ತೇಗಿನಲ್ಲಿ, ಬೆಳಿಗ್ಗೆ ತಲೆದಿಂಬಿನಲ್ಲಿ — ಅದು ಒಳ್ಳೇದು ಚಿಕ್ಕಕ್ಕ, ಅಂದಿದ್ದ ತಮ್ಮ, ಔಷಧಿ ಅಂಗಡಿಯ ಗಾಜಿನ ಕಪಾಟಿಗೆ ಒರಗಿಕೊಂಡು, ಬಾಯಲ್ಲಿ ಪೆನ್ನು ಕಚ್ಚಿಕೊಂಡು, ಬಿ ವಿಟಮಿನ್ ನೀರಲ್ಲಿ ಕರಗೋ ಜಾತಿ, ಮೈಗೆ ಬೇಕಾದಷ್ಟು ಇಟ್ಕೊಂಡು ಹೆಚ್ಚಾದದ್ದು ಹೊರಗೆ ಹೋಗತ್ತೆ, ಹಳದಿ ಹೋಗ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಲೆಕ್ಕ, ಅದರಿಂದ ಯಾರೂ ಸತ್ತಿಲ್ಲ, ನುಂಗು — ಅವಳು ನುಂಗಿದಳು, ಒಂದೂವರೆ ವರ್ಷ ನುಂಗಿದಳು, ಕೈ ತೊಳೆಯುವಾಗ ನೀರು ತಣ್ಣಗಿದೆಯೋ ಬಿಸಿಯಿದೆಯೋ ಮೊಣಕೈಗೆ ತಗುಲಿದ ಮೇಲೆ ಗೊತ್ತಾಯಿತು.

ಮೊದಲು ಕಾಲು, ಶುರುವಾದದ್ದು ಕಾಲಿಂದಲೇ, ದಿನವಿಡೀ ನಿಂತು ರಕ್ತ ತೆಗೆಯುವವಳ ಅಂಗಾಲು ಉರಿಯದೆ ಇನ್ನೇನಾಗುತ್ತದೆ ಅಂತ ಅವಳೇ ಸಮಾಧಾನ ಹೇಳಿಕೊಂಡಿದ್ದಳು, ಆದರೆ ಅದು ಬರೀ ದಣಿವಿನ ಉರಿಯಲ್ಲ, ಚಾದರ ತಗುಲಿದರೂ ಕೆಂಡ ಮುಟ್ಟಿದ ಹಾಗೆ, ಒಳಗೆ ಇರುವೆ ಸಾಲುಹಿಡಿದು ಹೊರಟ ಹಾಗೆ, ಆಗ ನೋಡಿದ ಡಾಕ್ಟರು ಪರೀಕ್ಷೆ ಮಾಡಿಸಿ ಬಿ ಹನ್ನೆರಡು ಕಮ್ಮಿ ಇದೆ ಅಂದು ಮೂರು ತಿಂಗಳಿಗೆ ಒಂದು ಸಣ್ಣ ಗುಲಾಬಿ ಗುಳಿಗೆ ಬರೆದುಕೊಟ್ಟಿದ್ದರು, ಮೂರು ತಿಂಗಳಲ್ಲಿ ಉರಿ ನಿಜಕ್ಕೂ ಇಳಿಯಿತು, ಅಲ್ಲಿಗೆ ನಿಲ್ಲಿಸಬೇಕಿತ್ತು, ಅಲ್ಲಿಗೆ ಹೋಗಿ ಇನ್ನು ಬೇಕಾ ಅಂತ ಕೇಳಬೇಕಿತ್ತು, ಕೇಳಲಿಲ್ಲ, ಒಳ್ಳೆಯದು ಒಂದಿಷ್ಟು ಹೆಚ್ಚೇ ಇರಲಿ ಅನ್ನುವ ಆಸೆಬುರುಕುತನ, ತಮ್ಮನ ಅಂಗಡಿಯಿಂದ ನರದ ಗುಳಿಗೆ ಅಂತ ಇನ್ನೊಂದು ಬಂತು, ದಿನಕ್ಕೆರಡು, ಆಮೇಲೆ ಕೂದಲಿಗೂ ಉಗುರಿಗೂ ಒಳ್ಳೆಯದು ಅಂತ ಒಂದು ಕ್ಯಾಪ್ಸೂಲು, ಆಮೇಲೆ ಶಕ್ತಿಗೆ ಅಂತ ಕಿತ್ತಳೆ ಪುಡಿ, ವೈದ್ಯ ಹೇಳಿದ್ದೂ ಹಾಲು ಅನ್ನ ರೋಗಿ ಬಯಸಿದ್ದೂ ಹಾಲು ಅನ್ನ, ಇಲ್ಲಿ ವೈದ್ಯನ ಜಾಗದಲ್ಲಿ ತಮ್ಮ ಕೂತಿದ್ದ ಅಷ್ಟೇ — ಮತ್ತೆ ಒಂದು ದಿನ ಕಾಲಿನಲ್ಲಿ ಉರಿ ಇಲ್ಲ, ಏನೂ ಇಲ್ಲ, ನೆಲವೂ ಇಲ್ಲ, ಹತ್ತಿಯ ಮೇಲೆ ನಡೆದ ಹಾಗೆ, ಅವಳು ಅದನ್ನೇ ಗುಣ ಅಂದುಕೊಂಡಳು, ಮರಗಟ್ಟಿದ್ದನ್ನು ವಾಸಿಯಾಯಿತು ಅಂದುಕೊಂಡ ಮೂಳಿ, ಬೆರಳ ತುದಿಗೂ ಜೋಮು ಏರಿದಾಗ ಇನ್ನೂ ಒಂದು ಗುಳಿಗೆ ಜಾಸ್ತಿ ಮಾಡಬೇಕೇನೋ ಅಂತ ತಮ್ಮನನ್ನೇ ಕೇಳಿದಳು.

ಬೆರಳ ತುದಿ, ಬಲಗೈ ತೋರುಬೆರಳಿನ ತುದಿ, ಅದೊಂದೇ ಅವಳ ಅನ್ನ, ಬೇರೆಯವರು ನರ ಹುಡುಕಲು ತೋಳು ತಟ್ಟುತ್ತಾರೆ, ಬೆಳಕು ಹಿಡಿಯುತ್ತಾರೆ, ಅವಳು ಕಣ್ಣು ಮುಚ್ಚಿ ಬೆರಳು ಇಟ್ಟರೆ ಸಾಕಿತ್ತು, ಚರ್ಮದ ಕೆಳಗೆ ಪುಟ್ಟ ಹಾಸಿಗೆಯಂತೆ ಪುಟಿಯುವ ಜಾಗ ತಾನಾಗಿ ಬೆರಳಿಗೆ ಸಿಗುತ್ತಿತ್ತು, ದಪ್ಪ ತೋಳಿನವರು, ಬತ್ತಿಹೋದ ಮುದುಕಿಯರು, ಅಳುವ ಕೂಸುಗಳು, ಎಲ್ಲರೂ ಆ ಕಿಟಕಿ ಪಕ್ಕದ ಕುರ್ಚಿಗೇ ಬರುತ್ತಿದ್ದರು, ಸೊಳ್ಳೆಯಮ್ಮ ಇದ್ದಾರಾ ಅಂತ ಬಾಗಿಲಲ್ಲೇ ಕೇಳುತ್ತಿದ್ದರು, ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ ಅಂತ ಆ ಹೆಸರು, ರಕ್ತ ಹೀರುತ್ತಾಳೆ ಅನ್ನುವುದೂ ಅದರೊಳಗೇ ಸೇರಿತ್ತು, ಅವಳಿಗದು ಬಿರುದಿನ ಹಾಗೆ ಹಿತವಾಗಿತ್ತು — ಆರು ತಿಂಗಳಿಂದ ಅವಳು ಕೈಗವಸಿನ ತೋರುಬೆರಳಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ ಹಾಕಿಕೊಳ್ಳುತ್ತಿದ್ದಳು, ಕದ್ದು, ಔಷಧದ ಬೀರುವಿನ ಮರೆಯಲ್ಲಿ, ರಬ್ಬರು ಇರುವುದರಿಂದಲೇ ಗೊತ್ತಾಗುತ್ತಿಲ್ಲ ಅಂತ ತನಗೇ ಸುಳ್ಳು ಹೇಳಿಕೊಂಡು, ಊರವರ ರಕ್ತ ಆ ತೆರೆದ ತುದಿಗೆ ಮೆತ್ತಿ ಒಣಗುತ್ತಿತ್ತು, ಉಗುರಿನ ಸಂದಿಯಲ್ಲಿ ಕಂದು ಗೆರೆ, ಅದೇ ಕೈಯಲ್ಲಿ ಊಟ, ಹೇಸಿಗೆ, ಹೇಸಿಗೆ, ಹೊಸದಾಗಿ ಸೇರಿದವರು ಹಾಗೆ ಮಾಡಿದ್ದರೆ ಅವಳೇ ಕೆನ್ನೆಗೆ ಬಾರಿಸುತ್ತಿದ್ದಳು.

ಮತ್ತೆ ಇವತ್ತು ಲೈನ್‌ಮನ್, ನಿವೃತ್ತನಾಗಿ ಹತ್ತು ವರ್ಷವಾದರೂ ಎಲ್ಲರಿಗೂ ಅವನು ಲೈನ್‌ಮನ್ನೇ, ಜೀವಮಾನವೆಲ್ಲ ಕಂಬ ಹತ್ತಿದ ತೋಳು, ಹಗ್ಗ ಹೊಸೆದಿಟ್ಟ ಹಾಗೆ ನರಗಳು, ಕುರುಡನೂ ಚುಚ್ಚಬಹುದು, ಮೂರು ತಿಂಗಳಿಗೊಮ್ಮೆ ಬಂದು ಅವಳ ಕುರ್ಚಿಯಲ್ಲೇ ಕೂರುತ್ತಾನೆ, ಪಟ್ಟಿ ಬಿಗಿದಳು, ಸ್ಪಿರಿಟ್ಟಿನ ಹತ್ತಿ ಒರೆಸಿದಳು, ಬೆರಳಿಟ್ಟಳು — ಏನೂ ಇಲ್ಲ, ಮೇಜಿನ ಹಲಗೆ ಮುಟ್ಟಿದ ಹಾಗೆ, ಕಣ್ಣಿಗೆ ನರ ಕಾಣುತ್ತಿದೆ, ಬೆರಳಿಗೆ ಇಲ್ಲ, ಕಣ್ಣನ್ನೇ ನಂಬಿ ಚುಚ್ಚಿದಳು, ತಪ್ಪಿತು, ಸೂಜಿ ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಅನ್ನುವುದೂ ಗೊತ್ತಾಗುತ್ತಿಲ್ಲ, ಎರಡನೆಯದು ನರದ ಆಚೆ ಬದಿಗೆ ಹೊರಟುಹೋಯಿತು, ಚರ್ಮದ ಕೆಳಗೆ ನೇರಳೆ ಗುಳ್ಳೆ ಎದ್ದು ನಿಂತಿತು, ಮೂರನೆಯದು, ಇನ್ನೊಂದು ತೋಳು, ನಾಲ್ಕನೆಯದು, ಮುದುಕನ ಹಣೆಯಲ್ಲಿ ಬೆವರು, ಆದರೂ ಅವನು ನಕ್ಕ, ಇವತ್ತು ಸೊಳ್ಳೆಗೆ ಹಲ್ಲು ಬಂದಿದೆ ಅಂದ, ನರ ಸಿಗ್ತಾ ಇಲ್ವಾ ತಾಯಿ, ಪರವಾಗಿಲ್ಲ, ಹುಡುಕಿ, ನಾನೆಲ್ಲಿಗೂ ಓಡಿಹೋಗಲ್ಲ — ಬೈದಿದ್ದರೆ ಚೆನ್ನಾಗಿತ್ತು, ಆ ತಾಯಿ ಅನ್ನುವ ಮಾತಿಗೆ ಗಂಟಲಲ್ಲಿ ಕಿತ್ತಳೆ ಪುಡಿಯ ತೇಗು ಬಂದು ನಿಂತಿತು, ಸಿಹಿ, ಹುಳಿ, ಹಿಟ್ಟಿನ ನಾತ, ಅವಳು ಪಕ್ಕದ ಮೇಜಿನಲ್ಲಿ ರಕ್ತ ತೆಗೆಯುವವಳನ್ನು ಕರೆದು ಸೂಜಿ ಕೊಟ್ಟು ಎದ್ದಳು, ಪಕ್ಕದವಳು ಒಂದೇ ಸಲಕ್ಕೆ ತೆಗೆದಳು, ಹಿಂತಿರುಗಿ ಅವಳನ್ನು ನೋಡಲಿಲ್ಲ, ನೋಡದೆ ಇದ್ದದ್ದೇ ಹೆಚ್ಚು ಚುಚ್ಚಿತು, ಮುದುಕನ ಎರಡೂ ತೋಳಿನಲ್ಲಿ ಹತ್ತಿ, ಅಂಗಿಯ ತೋಳು ಇಳಿಸಿಕೊಳ್ಳುವಾಗ ಅವನು ಒಮ್ಮೆ ಮುಖ ಕಿವುಚಿದ, ಅವಳು ನೋಡಿದಳು, ಅವಳು ನೋಡಲಿಲ್ಲ ಅಂದುಕೊಂಡ ಅವನು.

ಮಧ್ಯಾಹ್ನ ಎರಡನೇ ಮಹಡಿ, ಅದೇ ಕಟ್ಟಡದಲ್ಲಿ ನರದ ಡಾಕ್ಟರಮ್ಮ, ವಾರದ ಹಿಂದೆಯೇ ಸಮಯ ಗೊತ್ತುಮಾಡಿದ್ದು, ಬರುವಾಗ ನೀವು ನುಂಗೋದೆಲ್ಲ ತನ್ನಿ, ಡಬ್ಬಿ ಸಮೇತ ತನ್ನಿ ಅಂತ ಹೇಳಿದ್ದರು, ಇನ್ನೂ ಜೋರಾದ ಗುಳಿಗೆ ಬರೆದುಕೊಡುತ್ತಾರೆ ಅಂತ ಅವಳ ಆಸೆ, ಮೆಟ್ಟಿಲು ಹತ್ತುವಾಗ ಕಾಲು ಎಲ್ಲಿ ಊರಿದೆ ಅಂತ ಬಗ್ಗಿ ಬಗ್ಗಿ ನೋಡಿಕೊಂಡೇ ಹತ್ತಿದಳು, ಡಾಕ್ಟರಮ್ಮ ಚಪ್ಪಲಿ ಬಿಡಿಸಿ ಕಾಲ ಹೆಬ್ಬೆರಳಿನ ಮೂಳೆಯ ಮೇಲೆ ಒಂದು ಕಬ್ಬಿಣದ ಕವೆ ಇಟ್ಟರು, ತಟ್ಟಿದರೆ ಝುಂ ಅನ್ನುತ್ತದಲ್ಲ ಅದು, ಝುಂ ಅಂತ ಗೊತ್ತಾಗ್ತಿದೆಯಾ, ಅವಳು ಹೂಂ ಅಂದಳು, ಯಾಕೆ ಹಾಗಂದಳೋ, ಪರೀಕ್ಷೆಯಲ್ಲಿ ನಪಾಸಾಗುವ ಭಯ ಈ ವಯಸ್ಸಲ್ಲೂ, ಕಣ್ಣು ಮುಚ್ಕೊಳ್ಳಿ, ಈಗ, ಹೂಂ, ಈಗ, ಹೂಂ, ಕಣ್ಣು ಬಿಡಿ ಅಂದರು ಡಾಕ್ಟರಮ್ಮ, ಕೊನೇ ಎರಡು ಸಲ ನಾನು ಕಾಲಿಗೆ ಏನೂ ಮುಟ್ಟಿಸಿಯೇ ಇಲ್ಲ — ಕವೆ ಅವರ ತೊಡೆಯ ಮೇಲೆ ತೆಪ್ಪಗೆ ಮಲಗಿತ್ತು, ಅವಳಿಗೆ ಕಿವಿಯವರೆಗೆ ಉರಿ ಏರಿತು, ಸದ್ಯ ಅದೊಂದು ಉರಿಯಾದರೂ ಗೊತ್ತಾಯಿತಲ್ಲ.

ಆಮೇಲೆ ಚೀಲ, ಮೇಜಿನ ಮೇಲೆ ಸುರಿದಾಗ ಡಬ್ಬಿಗಳು ಉರುಳಿ ಉರುಳಿ ನಿಂತವು, ಡಾಕ್ಟರಮ್ಮ ಕನ್ನಡಕ ಮೇಲೆತ್ತಿ ಒಂದೊಂದರ ಸಣ್ಣ ಅಕ್ಷರ ಓದಿ ಪೆನ್ಸಿಲಿನಲ್ಲಿ ಬರೆದುಕೊಂಡರು, ಈ ನರದ ಗುಳಿಗೆಯಲ್ಲಿ ಬಿ ಆರು ಅನ್ನೋ ವಿಟಮಿನ್ನು ನೂರು ಮಿಲಿಗ್ರಾಂ, ದಿನಕ್ಕೆರಡಾ, ಇನ್ನೂರು, ಕ್ಯಾಪ್ಸೂಲಲ್ಲಿ ಇಪ್ಪತ್ತೈದು, ಪುಡಿಯಲ್ಲಿ ಹತ್ತು, ಗುಲಾಬಿ ಗುಳಿಗೆಯಲ್ಲಿ ಮೂರು, ಇನ್ನೂರ ಮೂವತ್ತೆಂಟು, ಎಷ್ಟು ದಿನದಿಂದ, ಒಂದೂವರೆ ವರ್ಷ, ಡಾಕ್ಟರಮ್ಮ ಪೆನ್ಸಿಲು ಕೆಳಗಿಟ್ಟರು, ನಿಮ್ಮ ದೇಹಕ್ಕೆ ದಿನಕ್ಕೆ ಬೇಕಾಗಿರೋದು ಹೆಚ್ಚೂಕಮ್ಮಿ ಎರಡು ಮಿಲಿಗ್ರಾಂ ಕಣ್ರಿ, ಬಿ ಆರು ಕಮ್ಮಿಯಾದ್ರೂ ನರಕ್ಕೆ ಪೆಟ್ಟು, ಹೀಗೆ ತಿಂಗಳುಗಟ್ಟಲೆ ಅತಿಯಾದ್ರೂ ನರಕ್ಕೇ ಪೆಟ್ಟು, ಅದೇ ಜೋಮು, ಅದೇ ಉರಿ, ಯಾವುದು ರೋಗ ಯಾವುದು ಮದ್ದು ಅಂತ ತಿಳಿಯದ ಹಾಗೆ — ಆದರೆ ನೀರಲ್ಲಿ ಕರಗತ್ತಲ್ಲ ಡಾಕ್ಟರೇ, ಹೊರಗೆ ಹೋಗತ್ತಲ್ಲ, ಹಳದಿ, ಅಂದಳು ಅವಳು, ತಮ್ಮನ ದನಿಯೇ ತನ್ನ ಬಾಯಿಂದ ಬಂದಂತೆ ಕೇಳಿಸಿತು, ಹಳದಿಯಾಗಿ ಹೋಗೋದು ಬಿ ಎರಡು, ನಿಮ್ಮನ್ನ ಹಿಡ್ಕೊಂಡಿರೋದು ಬಿ ಆರು, ಮನೆತನ ಒಂದೇ, ಬುದ್ಧಿ ಬೇರೆ ಬೇರೆ, ಇವತ್ತಿಂದ ಇದೆಲ್ಲ ಬಂದ್, ನಿಲ್ಲಿಸಿದ ಮೇಲೂ ಕೆಲವು ವಾರ ಇನ್ನೂ ಜಾಸ್ತಿ ಅನ್ನಿಸಬಹುದು, ಹೆದರಿ ಮತ್ತೆ ನುಂಗಬೇಡಿ, ಸಾಮಾನ್ಯವಾಗಿ ಸುಧಾರಿಸತ್ತೆ, ತಿಂಗಳುಗಳು ಬೇಕು, ಪೂರ್ತಿ ವಾಪಸ್ ಬರತ್ತೆ ಅಂತ ನಾನು ಮಾತು ಕೊಡಲ್ಲ, ಬಿ ಹನ್ನೆರಡು, ಸಕ್ಕರೆ ಎಲ್ಲ ಇನ್ನೊಂದ್ಸಲ ನೋಡೋಣ — ಹದಿನೆಂಟು ವರ್ಷ ಲೇಬಲ್ ಓದಿದ ಕಣ್ಣು, ಹೆಸರು, ವಯಸ್ಸು, ತಾರೀಕು, ಒಂದಕ್ಷರ ತಪ್ಪಿದರೂ ಟ್ಯೂಬು ಎಸೆಯುವವಳು, ತನ್ನ ಬಾಯಿಗೆ ಹಾಕಿಕೊಳ್ಳುವ ಡಬ್ಬಿಯ ಲೇಬಲ್ ಒಂದು ದಿನ ಓದಲಿಲ್ಲ, ಮೇಜಿನ ಮೇಲೆ ಬಿದ್ದ ಒಂದು ಗುಳಿಗೆಗೆ ಅವಳ ಬೆವರು ತಗುಲಿ ಬಣ್ಣ ಬಿಟ್ಟು ಮರದ ಮೇಲೆ ಕಲೆಯಾಗಿತ್ತು, ಸತ್ತ ಹುಳುವಿನ ಹಾಗೆ, ಇಂಥವನ್ನು ಸಾವಿರ ನುಂಗಿದ್ದೇನೆ, ಒಳಗೆಲ್ಲ ಇದೇ ಕಲೆ, ಕರುಳನ್ನು ಮಗುಚಿ ತೊಳೆಯುವಂತಿದ್ದರೆ — ಮನೆಯಲ್ಲಿ ಬೇರೆ ಯಾರಾದ್ರೂ ತಗೋತಿದಾರಾ ಅಂತ ಡಾಕ್ಟರಮ್ಮ ಕೇಳಿದ್ದು ಬಾಗಿಲ ಹತ್ತಿರ, ಅವಳು ಇಲ್ಲ ಅಂದಳು, ಮೂರು ಮೆಟ್ಟಿಲು ಇಳಿದ ಮೇಲೆ ಅಕ್ಕ ನೆನಪಾದಳು.

ಅಕ್ಕ, ತಾಯಿ ಹೋದ ಮೇಲೆ ಅವಳನ್ನೂ ತಮ್ಮನನ್ನೂ ಸಾಕಿ ತಾನು ಮದುವೆಯ ಮಾತೇ ಎತ್ತದ ಅಕ್ಕ, ಶಿಶುವಿಹಾರದ ಟೀಚರು, ಆರು ವರ್ಷದಿಂದ ಸಕ್ಕರೆ ಕಾಯಿಲೆ, ಅವಳ ಡಾಕ್ಟರು ಕೊಟ್ಟಿದ್ದು ಬಿ ಹನ್ನೆರಡರ ಒಂದೇ ಗುಳಿಗೆ, ಸಕ್ಕರೆ ಮಾತ್ರೆಯಿಂದ ಅದು ಇಳಿಯತ್ತೆ ಅಂತ, ಅಷ್ಟು ಸಾಲದು ಅಂತ ಹೇಳಿದ್ದು ಯಾರು, ಕಳೆದ ವರ್ಷ ಇದೇ ಡಬ್ಬಿಗಳನ್ನು ಚೀಲದಲ್ಲಿ ಹೊತ್ತು ಹೋಗಿ ಅಕ್ಕನ ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದು ಯಾರು, ಬೇಡ ಕಣೇ, ಅತಿಯಾದ್ರೆ ಅಮೃತನೂ ವಿಷ ಅಂತ ಮಕ್ಕಳಿಗೆ ಹೇಳ್ಕೊಡೋಳು ನಾನು, ಅಂದಿದ್ದಳು ಅಕ್ಕ, ನೀನು ಮಕ್ಕಳಿಗೆ ಹೇಳು, ನಾನು ಹದಿನೇಳು ವರ್ಷದಿಂದ ಲ್ಯಾಬಲ್ಲಿದೀನಿ, ನಿನ್ನ ಡಾಕ್ಟರಿಗಿಂತ ನಂಗೆ ಗೊತ್ತು ಅಂದಿದ್ದಳು ಇವಳು, ಅಕ್ಕ ನುಂಗಿದಳು, ಆಹಾ ಏನು ದರ್ಪ, ಏನು ಬಾಯಿ, ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಕೋತಿ, ಬೀದಿಯಲ್ಲಿ ಜನರನ್ನು ತಳ್ಳಿಕೊಂಡು ಹೋದಳು, ನೀರು ತುಂಬಿದ ಗುಂಡಿಗೆ ಕಾಲಿಟ್ಟದ್ದು ಚಪ್ಪಲಿ ಪಚಪಚ ಅಂದ ಮೇಲೆ ತಿಳಿಯಿತು, ಮಹಡಿಯ ಮೇಲಿನ ಎರಡು ಕೋಣೆಯ ಮನೆ, ಬಾಗಿಲು ತೆಗೆದ ಅಕ್ಕ ಏನೇ ಇಷ್ಟೊತ್ತಲ್ಲಿ, ಡ್ಯೂಟಿ ಇಲ್ವಾ ಅಂತ ನಗುತ್ತಾ ಒಳಗೆ ನಡೆದಳು, ನೆಲದ ತುಂಬಾ ಬಣ್ಣದ ಕಾಗದ, ಆನೆ, ಒಂಟೆ, ಹಲಗೆಗೆ ಚುಚ್ಚಿಟ್ಟ ಅಕ್ಷರಮಾಲೆ, ಅಕ್ಕ ನಡೆದಂತೆ ಕಲ್ಲುನೆಲದ ಮೇಲೆ ಟಿಕ್, ಟಿಕ್, ಟಿಕ್ — ಏನಕ್ಕ ಅದು ಸದ್ದು, ಅದಾ, ನಿಂಗೂ ಕೇಳಿಸ್ತಾ, ಎರಡು ಮೂರು ದಿನದಿಂದ ಹಾಗೇ ಅಂತಿದೆ, ನಿಂತುಹೋಗಿದ್ದ ಗಡಿಯಾರ ಸರಿಹೋಯ್ತು ಅಂದ್ಕೊಂಡೆ ನೋಡು, ಅಂತ ಅಕ್ಕ ಗೋಡೆಯತ್ತ ಕೈ ತೋರಿಸಿದಳು, ಗಡಿಯಾರದ ಮುಳ್ಳು ಅಲ್ಲಾಡುತ್ತಿರಲಿಲ್ಲ, ಅಕ್ಕ ನಿಂತಾಗ ಸದ್ದೂ ನಿಂತಿತ್ತು.

ಕೂತ್ಕೋ ಅಕ್ಕ, ಕಾಲು ಕೊಡು ಇಲ್ಲಿ, ಯಾಕೇ, ಕೊಡು ಅಂದ್ನಲ್ಲ — ಬಲಗಾಲಿನ ಹಿಮ್ಮಡಿ, ಒಡೆದ ಚರ್ಮದ ನಡುವೆ ದುಂಡಗೆ, ಪುಟ್ಟದಾಗಿ, ಹಲಗೆಗೆ ಚುಚ್ಚುವ ಪಿನ್ನು, ತಲೆಯಷ್ಟೇ ಹೊರಗೆ, ಮೊಳೆಯೆಲ್ಲ ಒಳಗೆ, ಸುತ್ತ ಬೂದು ಬಣ್ಣದ ಒದ್ದೆ ಉಂಗುರ, ಅದರ ಅಂಚಿನಲ್ಲಿ ಹಳದಿ, ಮೂಗಿಗೆ ಬಡಿದ ಕೊಳೆತ ನಾತ, ಅವಳು ಅದನ್ನು ಹಿಡಿದು ಎಳೆಯಲು ಹೋದಳು, ಹಿಡಿದಳೋ ಇಲ್ಲವೋ ಬೆರಳು ಹೇಳಲಿಲ್ಲ, ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು, ಸತ್ತ ಬೆರಳಿಂದ ಸತ್ತ ಕಾಲಿನ ಮುಳ್ಳು ತೆಗೆಯುವ ಚೆಂದ, ಕೊನೆಗೆ ಕಣ್ಣನ್ನು ಹತ್ತಿರ ತಂದು ನೋಡಿ ನೋಡಿ ಉಗುರು ತೂರಿಸಿ ಕಿತ್ತಳು, ಹಿಂದೆಯೇ ಕೀವು ಬಂತು, ಅವಳ ಹೆಬ್ಬೆರಳ ಮೇಲೆ ಹರಿಯಿತು, ಬೆಚ್ಚಗಿತ್ತೋ ತಣ್ಣಗಿತ್ತೋ, ಆ ಹೊತ್ತೆಲ್ಲ ಅಕ್ಕ ಮೇಲಿಂದ ಮಾತಾಡುತ್ತಲೇ ಇದ್ದಳು, ಒಂಟೆಗೆ ಯಾವ ಬಣ್ಣ ಹಚ್ಚಲಿ ಹೇಳು, ಮಣ್ಣಿನ ಬಣ್ಣ ಹಚ್ಚಿದ್ರೆ ಮಕ್ಕಳಿಗೆ ಕಾಣಲ್ಲ, ಏನು ಮಾಡ್ತಿದೀಯ ಕೆಳಗೆ, ಕಚಗುಳಿ ಇಡ್ತಿದೀಯಾ — ಅಕ್ಕಾ, ನಿಂಗೆ ನೋವಾಗ್ತಿಲ್ವಾ, ಯಾವ ನೋವು, ಅವಳು ಪಿನ್ನನ್ನು ಎತ್ತಿ ತೋರಿಸಿದಳು, ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು, ಆಮೇಲೆ ತನ್ನ ಕಾಲನ್ನು ನೋಡಿದಳು, ಯಾರದೋ ಕಾಲನ್ನು ನೋಡುವ ಹಾಗೆ, ಅಯ್ಯೋ, ಇದು ಹಲಗೆಯಿಂದ ಬಿದ್ದಿದ್ದು, ಭಾನುವಾರ ಹುಡುಕಿದ್ದೆ ಕಣೇ, ಅಂದಳು, ಇವತ್ತು ಬುಧವಾರ.

ಐದು ವಾರವಾಯಿತು, ಅವಳೀಗ ಲ್ಯಾಬಿನ ಮುಂಬಾಗಿಲ ಮೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಾಳೆ, ತಾನಾಗಿ ಕೇಳಿ ಸೂಜಿ ಬಿಟ್ಟಳು, ಗುಳಿಗೆಗಳನ್ನು ಊದಾ ಬಣ್ಣದ ಚೀಲದಲ್ಲಿ ಕಟ್ಟಿ ತಮ್ಮನ ಕಪಾಟಿನ ಮೇಲೆ ಇಟ್ಟು ಬಂದಳು, ಚಿಕ್ಕಕ್ಕ, ನಾನು ಎಷ್ಟೋ ಜನಕ್ಕೆ ಕೊಟ್ಟಿದೀನಿ, ಒಬ್ರೂ ವಾಪಸ್ ಬಂದು ಕೇಳಿಲ್ಲ ಅಂದ ಅವನು, ಹೇಗೆ ಬರ್ತಾರೋ, ಬರೋಕೆ ಕಾಲು ಬೇಕಲ್ಲೋ ಅಂದಳು ಅವಳು, ಅವನ ಬಾಯಿಂದ ಪೆನ್ನು ಬಿತ್ತು, ಮೊನ್ನೆ ಹೋದಾಗ ಕನ್ನಡಕ ಹಾಕಿಕೊಂಡು ಒಂದು ಡಬ್ಬಿಯ ಸಣ್ಣ ಅಕ್ಷರ ಓದುತ್ತಿದ್ದ, ತಲೆ ಎತ್ತಲಿಲ್ಲ, ಅಷ್ಟಾದರೂ ಆಯಿತಲ್ಲ, ಅವಳ ಬಿ ಹನ್ನೆರಡು ಸರಿಯಿದೆ, ಸಕ್ಕರೆ ಇಲ್ಲ, ಮೊದಲ ಮೂರು ವಾರ ಡಾಕ್ಟರಮ್ಮ ಹೇಳಿದ ಹಾಗೆ ಉರಿ ಇಮ್ಮಡಿಯಾಗಿ ಅವಳು ಚಾದರ ಕಚ್ಚಿಕೊಂಡು ಮಲಗಿದಳು, ಈಗ ಒಂದಿಷ್ಟು ಇಳಿದಿದೆ, ನಿನ್ನೆ ತೋರುಬೆರಳಿಗೆ ಕಾಗದದ ಅಂಚು ಗೊತ್ತಾಯಿತು, ಇಲ್ಲವೇ ಗೊತ್ತಾದ ಹಾಗೆ ಅನ್ನಿಸಿತು, ಅವಳು ಈಗ ತನ್ನ ಹೂಂ ಅನ್ನೇ ನಂಬುವುದಿಲ್ಲ, ಅಕ್ಕನ ಹಿಮ್ಮಡಿಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗು, ಗಾಯ ಒಳಗಿನಿಂದ ತುಂಬುತ್ತಿದೆ, ಕಾಲು ಉಳಿಯತ್ತೆ ಅಂದಿದ್ದಾರೆ, ಅಕ್ಕ ಡಬ್ಬಿಗಳ ವಿಷಯ ಎತ್ತಲೇ ಇಲ್ಲ, ಒಂದು ದಿನವೂ, ಎತ್ತಿ ಬೈಯಲಿ ಅಂತ ಅವಳು ಕಾದು ಕೂರುತ್ತಾಳೆ, ಅಕ್ಕ ಮಕ್ಕಳ ಕಥೆ ಹೇಳುತ್ತಾಳೆ, ಅಕ್ಕನ ಕಾಲು ಸತ್ತದ್ದು ಸಕ್ಕರೆಯಿಂದಲೋ ಗುಳಿಗೆಯಿಂದಲೋ ಅಂತ ಅವಳೇ ಡಾಕ್ಟರಮ್ಮನನ್ನು ಕೇಳಿದಳು, ಎರಡೂ ಒಂದೇ ದಾರೀಲಿ ಬರತ್ತೆ, ಇಷ್ಟು ಇದರಿಂದ ಇಷ್ಟು ಅದರಿಂದ ಅಂತ ಯಾರೂ ಹೇಳೋಕಾಗಲ್ಲ ಅಂದರು ಅವರು, ಹೇಳಲಾಗುವುದಿಲ್ಲ, ಅಂದರೆ ಅವಳದಲ್ಲ ಅಂತಲೂ ಹೇಳಲಾಗುವುದಿಲ್ಲ, ಸರದಿಯಲ್ಲಿ ನಿಂತವರು ಹೆಸರು ಹೇಳುತ್ತಿದ್ದಾರೆ, ವಯಸ್ಸು ಹೇಳುತ್ತಿದ್ದಾರೆ, ಅವಳು ಬರೆಯುತ್ತಾಳೆ, ಬರೆಯುತ್ತಾ ಅಲ್ಲಿಗೇ ಹೋಗಿ ನಿಲ್ಲುತ್ತಾಳೆ, ಆ ಪಿನ್ನಿನ ತಲೆ, ಅಕ್ಕನ ಪಿನ್ನಿನ ಡಬ್ಬಿಯಲ್ಲಿ ಉಳಿದ ಪಿನ್ನುಗಳೆಲ್ಲ ಹಳತಾಗಿ ಕಪ್ಪಾಗಿದ್ದವು, ಅದೊಂದು ಮಾತ್ರ ಹಾಗಿರಲಿಲ್ಲ, ಸೋಮವಾರ, ಮಂಗಳವಾರ, ಬುಧವಾರ, ಅಕ್ಕ ಅಡುಗೆಮನೆಗೆ ಹೋಗಿ ಬಂದು, ಶಾಲೆಗೆ ಹೋಗಿ ಬಂದು, ಮಕ್ಕಳ ಹಿಂದೆ ಓಡಿ, ಅಷ್ಟೂ ಭಾರ ಅದರ ಮೇಲೆ ಹಾಕಿ, ಕಲ್ಲುನೆಲಕ್ಕೆ ಉಜ್ಜಿ, ಉಜ್ಜಿ, ಉಜ್ಜಿ — ಹೆಸರು ಬರ್ಕೊಂಡ್ರಾ ಅಮ್ಮ ಅಂತ ಯಾರೋ ಕೇಳುತ್ತಾರೆ — ಆ ಪಿನ್ನಿನ ತಲೆ, ಫಳಫಳ, ಹೊಚ್ಚಹೊಸದರ ಹಾಗೆ